ಯಾರೋ ಬರುತ್ತಾರಂತೆ

ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ, ಬೀದಿಯಂಚಿಗೆ, ನನ್ನ ಇಸ್ತ್ರಿ ಮೇಜು ಇದೆ. ಮೇಲಿನವರು ಕೆಳಗೆ ಬರಬೇಕಾದರೂ ಕೆಳಗಿನವರು ಮೇಲೆ ಹೋಗಬೇಕಾದರೂ ನನ್ನ ಮೂಗಿನ ಮುಂದೆಯೇ ಹಾಯಬೇಕು. ಓದು ನನಗೆ ಹತ್ತಲಿಲ್ಲ. ಆದರೆ ಅಂಗಿಯ ಕಾಲರು ನೋಡಿದರೆ ಸಾಕು, ಆ ಮನೆಯಲ್ಲಿ ಆ ವಾರ ಏನು ನಡೆದಿದೆ ಎಂದು ಹೇಳಬಲ್ಲೆ. ಹೇಳುವುದಿಲ್ಲ, ಅದು ಬೇರೆ ಮಾತು. ಇಸ್ತ್ರಿಯವನಿಗೆ ಬಾಯಿ ಬಂದರೆ ಬಟ್ಟೆ ಬರುವುದಿಲ್ಲ.

ಈಗ ವಯಸ್ಸಾಯಿತು. ಬಟ್ಟೆಯೂ ಕಡಿಮೆಯಾಯಿತು. ಹಾಗಾಗಿ ಲಿಫ್ಟಪ್ಪನ ಇಂಗ್ಲಿಷಿನ ಸಂಗತಿ ಹೇಳಿಬಿಡುತ್ತೇನೆ.

ಲಿಫ್ಟಪ್ಪ ಎಂದರೆ ಒಂದನೇ ಮಹಡಿಯ ಒಂಟಿ ಕೋಣೆಯವನು. ಪೇಟೆಯ ದೊಡ್ಡ ಆಫೀಸು ಕಟ್ಟಡವೊಂದರಲ್ಲಿ ಅರ್ಧ ಆಯಸ್ಸು ಲಿಫ್ಟು ನಡೆಸಿ ನಿವೃತ್ತನಾದವನು. ಮದುವೆ ಆಗಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ನೋಡೋಕೆ ಹೋಗ್ಬೇಕು ಅಂತಿದ್ದೆ ಅಣ್ಣ, ಅಷ್ಟರಲ್ಲಿ ಯಾರೋ ಬೆಲ್ಲು ಒತ್ತಿದ್ರು" ಎಂದ. ಅದು ತಮಾಷೆಯೋ ನಿಜವೋ ನನಗೆ ಇವತ್ತಿಗೂ ತಿಳಿದಿಲ್ಲ.

ಲಿಫ್ಟು ನಡೆಸುವವನ ಕೆಲಸ ಹೇಗೆಂದು ನಿಮಗೆ ಗೊತ್ತಿರಬೇಕು. ಬಟನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಬಾಗಿಲಿಗೆ ಮುಖ ಮಾಡಿ ಕೂರಬೇಕು. ಜನರೆಲ್ಲ ಬೆನ್ನ ಹಿಂದೆ. ಅಷ್ಟು ವರ್ಷ ಅವನು ಮನುಷ್ಯರ ಮಾತು ಕೇಳಿದ್ದೇ ಹೊರತು ಮಾತಾಡುವ ಮುಖ ನೋಡಿದ್ದು ಕಡಿಮೆ. ನನ್ನ ಮೇಜಿನ ಹತ್ತಿರ ಬಂದು ಕೂತಾಗಲೂ ಬೀದಿಯ ಕಡೆ ತಿರುಗಿ, ನನಗೆ ಬೆನ್ನು ಕೊಟ್ಟು ಮಾತಾಡುತ್ತಿದ್ದ. ಮೊದಮೊದಲು ಅಂಗಿ ಎಲ್ಲೋ ಸುಟ್ಟಿದ್ದೇನೆ, ಅದಕ್ಕೇ ಮುನಿಸು ಅಂದುಕೊಂಡಿದ್ದೆ.

ಅವನು ಇಂಗ್ಲಿಷು ಕಲಿತದ್ದೂ ಹಾಗೆಯೇ, ಬೆನ್ನಿನಿಂದ.

"ಲಿಫ್ಟಲ್ಲಿ ಯಾರೂ ಯಾರ ಹೆಸರೂ ಹೇಳಲ್ಲ ಅಣ್ಣ," ಎನ್ನುತ್ತಿದ್ದ. "ಹೆಸರಿನೋನು ಹಿಂದೇನೇ ನಿಂತಿದ್ರೆ? ಅದಕ್ಕೇ ಎಲ್ಲಾನೂ ಸಮ್‌ಬಡಿ, ನೋಬಡಿ, ಸಮ್‌ಥಿಂಗು, ಎವ್ರಿಥಿಂಗು. ಯಾರೋ, ಯಾರೂ ಇಲ್ಲ, ಏನೋ, ಎಲ್ಲಾ. ಅಷ್ಟೇ. ಇನ್ನು ಕೆಲಸದ ಮಾತಿದೆಯಲ್ಲ, ಅದರ ಬಾಲ ಹಿಡಿದ್ರೆ ಸಾಕು. ಅಪ್ಪು, ಡೌನು, ಇನ್, ಔಟು. ಇಂಗ್ಲಿಷ್‌ನೋರ ಮಾತೆಲ್ಲ ಒಂದೋ ಮೇಲಕ್ಕೆ ಹೋಗುತ್ತೆ, ಇಲ್ಲಾ ಕೆಳಗಿಳಿಯುತ್ತೆ, ಇಲ್ಲಾ ಒಳಗೆ ಬರುತ್ತೆ, ಇಲ್ಲಾ ಹೊರಗೆ ಹೋಗುತ್ತೆ. ನನ್ನ ಲಿಫ್ಟಿನ ಥರಾನೇ. ಇದನ್ನ ಕಲಿಯೋಕೆ ಕಾಲೇಜು ಯಾಕೆ?"

ಹೀಗೆ ಅವನ ಹತ್ತಿರ ನಾಲ್ಕು ವಾಕ್ಯಗಳು ತಯಾರಾಗಿದ್ದವು. 'ಸಮ್‌ಥಿಂಗ್ ಹ್ಯಾಸ್ ಕಮ್ ಅಪ್' ಎಂದರೆ ಏನೋ ಅಡ್ಡ ಬಂತು, ಬರೋಕಾಗಲ್ಲ. 'ನೋಬಡಿ ಟರ್ನ್ಡ್ ಅಪ್' ಎಂದರೆ ಯಾರೂ ಬರಲಿಲ್ಲ. 'ಸಮ್‌ಬಡಿ ವಿಲ್ ಲುಕ್ ಇಂಟು ಇಟ್' ಎಂದರೆ ಯಾರೋ ನೋಡಿಕೊಳ್ಳುತ್ತಾರೆ. 'ಎವ್ರಿಥಿಂಗ್ ವಿಲ್ ವರ್ಕ್ ಔಟ್' ಎಂದರೆ ಎಲ್ಲಾ ಸರಿಹೋಗುತ್ತದೆ.

"ಈ ನಾಲ್ಕು ಬಂದ್ರೆ ಯಾವ ಆಫೀಸನ್ನಾದ್ರೂ ನಡೆಸಬಹುದು ಅಣ್ಣ. ಹನ್ನೊಂದು ಮಹಡಿ ನಡೆಸ್ತಾ ಇದ್ರು, ನಾನೇ ಕೇಳಿದ್ದೀನಿ."

ಆ ಕಾಲಕ್ಕೆ ಅವನ ಅಂಗಿಯ ಕಾಲರು ಇಸ್ತ್ರಿಗೆ ಬರುವಾಗಲೂ ಬೆಳ್ಳಗೇ ಇರುತ್ತಿತ್ತು. ಕೂತಲ್ಲೇ ಕೂತವನ ಕಾಲರು ಅದು. ಕೋಣೆಯ ಬಾಗಿಲನ್ನು ಅವನು ಹಗಲೆಲ್ಲ ಅರ್ಧ ತೆರೆದಿಡುತ್ತಿದ್ದ. ಆದರೆ ಮೇಲಿನ ಮಹಡಿಯವರೆಲ್ಲ ಲಿಫ್ಟಿನಲ್ಲಿ ಹೋಗುತ್ತಿದ್ದುದರಿಂದ ಆ ಬಾಗಿಲ ಮುಂದೆ ಹಾಯುತ್ತಿದ್ದುದು ಬೆಕ್ಕು ಮಾತ್ರ. ಬೆಕ್ಕೂ ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ನಮ್ಮ ಕಟ್ಟಡದ ಲಿಫ್ಟು ನೆಲ ಹಿಡಿಯಿತು. ಏನೋ ಕಡಿದ ಸದ್ದು, ಒಂದು ನರಳಾಟ, ಆಮೇಲೆ ಮೌನ.

ಉಳಿದವರಿಗೆ ಅದು ಕಾಲುನೋವಿನ ಮಾತು. ನಾಲ್ಕನೇ ಮಹಡಿಯ ಅಜ್ಜಿಗೆ ಮಾತ್ರ ಸೆರೆಮನೆ. ಅಜ್ಜಿ ನನಗಿಂತ ಅಷ್ಟೇನೂ ದೊಡ್ಡವಳಲ್ಲ. ಕಟ್ಟಡಕ್ಕೆಲ್ಲ ಅಜ್ಜಿಯಾದವಳನ್ನು ನಾನೊಬ್ಬನೇ ಅಕ್ಕ ಎಂದರೆ ಏನು ಚೆನ್ನ ಎಂದು ನಾನೂ ಅಜ್ಜಿ ಎನ್ನುತ್ತೇನೆ. ಮಂಡಿ ಎರಡೂ ಕೈಕೊಟ್ಟಿವೆ, ಮೈ ಭಾರ, ಬಾಯಿ ಅದಕ್ಕಿಂತ ಭಾರ. ದಿನಾ ಸಂಜೆ ಲಿಫ್ಟಿನಲ್ಲಿ ಇಳಿದು ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಕೂತು ಹೋಗಿ ಬರುವವರನ್ನು ನೋಡುವುದು, ನೋಡಿದ್ದನ್ನು ನನಗೆ ಹೇಳುವುದು ಅವಳ ಬದುಕು. ಲಿಫ್ಟು ನಿಂತ ಮೇಲೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಬಿಡತೊಡಗಿದಳು. ಬುಟ್ಟಿಯಲ್ಲಿ ತರಕಾರಿ ಮೇಲೆ ಹೋಗುತ್ತಿತ್ತು, ಬೈಗುಳ ಕೆಳಗೆ ಬರುತ್ತಿತ್ತು. ಅವಳು ಹೊರಗೆ ಹೋಗುವಾಗ ಹಾಕುವ ಬಟ್ಟೆ ಇಸ್ತ್ರಿಗೆ ಬರುವುದೇ ನಿಂತಿತು.

ಸಂಘದ ಕಾರ್ಯದರ್ಶಿಗಳು ಎರಡನೇ ಮಹಡಿಯವರು. ಅವರು ನನ್ನ ಮೇಜಿನ ಸುತ್ತ ಸಭೆ ಸೇರಿಸಿದರು. ಲಿಫ್ಟಿನ ಕಂಪನಿ ಬೇರೆ ಊರಿನದು. ಫೋನು ಮಾಡಿದರೆ ಒಬ್ಬ ಹುಡುಗಿ ಬರೀ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ.

"ನಾನೇ ಮಾತಾಡಬಹುದಿತ್ತು," ಎಂದರು ಕಾರ್ಯದರ್ಶಿಗಳು. "ಆದ್ರೆ ನಂದು ಬರವಣಿಗೆ ಇಂಗ್ಲಿಷು."

ಎಲ್ಲರೂ ಇಂಗ್ಲಿಷು ಓದಿದ್ದ ಮೂರನೇ ಮಹಡಿಯ ಸೊಸೆಯ ಕಡೆ ನೋಡಿದರು. ಅವಳ ಮಡಿಲಲ್ಲಿ ಮಗು ಅಳುತ್ತಿತ್ತು. ಅಷ್ಟರಲ್ಲಿ ಬೀದಿಯ ಕಡೆ ಮುಖ ಮಾಡಿ ಕೂತಿದ್ದ ಲಿಫ್ಟಪ್ಪ, ಯಾರನ್ನೂ ನೋಡದೆ, ಹಿಂದಕ್ಕೆ ಕೈ ಚಾಚಿ, "ಕೊಡಿ" ಎಂದ.

ಫೋನಿನ ಸದ್ದು ಎಲ್ಲರಿಗೂ ಕೇಳುವ ಹಾಗೆ ಇಟ್ಟಿದ್ದರು. ಹುಡುಗಿ ಏನೋ ಕೇಳಿದಳು. ಲಿಫ್ಟಪ್ಪ ಬೆನ್ನು ನೆಟ್ಟಗೆ ಮಾಡಿ, "ಸಮ್‌ಬಡಿ ಲುಕ್ ಇಂಟು ಇಟ್" ಎಂದ.

"ಶೂರ್ ಸರ್, ಸಮ್‌ಬಡಿ ವಿಲ್ ಲುಕ್ ಇಂಟು ಇಟ್," ಎಂದಳು ಅವಳು.

"ನೋಬಡಿ ಟರ್ನ್ಡ್ ಅಪ್," ಎಂದ ಇವನು.

"ಸಮ್‌ಥಿಂಗ್ ಮಸ್ಟ್ ಹ್ಯಾವ್ ಕಮ್ ಅಪ್, ಸರ್."

"ಎವ್ರಿಥಿಂಗ್ ವಿಲ್ ವರ್ಕ್ ಔಟ್?"

"ಎವ್ರಿಥಿಂಗ್ ವಿಲ್ ವರ್ಕ್ ಔಟ್, ಸರ್."

ಒಂದೇ ಗುರುವಿನ ಹತ್ತಿರ ಪಾಠ ಹೇಳಿಸಿಕೊಂಡ ಇಬ್ಬರು ಮೊದಲ ಸಲ ಭೇಟಿಯಾದ ಹಾಗಿತ್ತು. ಮುಂದೆ ಅರ್ಧ ಗಂಟೆ ಅದನ್ನೇ ಮೇಲೆ ಕೆಳಗೆ, ಒಳಗೆ ಹೊರಗೆ ಆಡಿಸಿದರು. ನನ್ನ ಇಸ್ತ್ರಿ ಪೆಟ್ಟಿಗೆ ತಣ್ಣಗಾಯಿತು.

"ಏನಂದ್ಳು?" ಎಂದರು ಕಾರ್ಯದರ್ಶಿಗಳು.

"ಯಾರೋ ಬರ್ತಾರಂತೆ."

"ಯಾರು?"

"ಯಾರೋ ಒಬ್ರು."

"ಯಾವಾಗ?"

"ಯಾವಾಗ್ಲೋ."

ಕಾರ್ಯದರ್ಶಿಗಳು ಸಭೆಯ ಕಡೆ ತಿರುಗಿ, "ಕೇಳಿದ್ರಲ್ಲ! ಕೆಲಸ ಆಯ್ತು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಅಂಕಲ್, ಅವಳು ಏನೂ ಹೇಳ್ಲೇ ಇಲ್ಲ," ಎಂದಳು ಮೂರನೇ ಮಹಡಿಯ ಸೊಸೆ.

"ಸುಮ್ನಿರಮ್ಮ. ಅರ್ಧ ಗಂಟೆ ಮಾತಾಡಿದಾಳೆ. ಏನೂ ಹೇಳದೆ ಅಷ್ಟು ಹೊತ್ತು ಮಾತಾಡೋಕೆ ಯಾರಿಗಾದ್ರೂ ಆಗುತ್ತಾ?"

ಮೇಲಿನಿಂದ ಬುಟ್ಟಿ ಇಳಿಯಿತು. ಹಿಂದೆಯೇ ಅಜ್ಜಿಯ ದನಿ: "ಏ ಲಿಫ್ಟಪ್ಪ! ಬರ್ತಾರಂತೇನೋ?"

"ಬರ್ತಾರಂತೆ ಅಜ್ಜಿ!"

"ನಿನ್ನ ಬಾಯಿಗೆ ಸಕ್ಕರೆ ಹಾಕ!" ಎಂದು ಅಜ್ಜಿ ಬುಟ್ಟಿ ಮೇಲೆಳೆದು, ನಿಜವಾಗಿಯೂ ಒಂದು ಲೋಟ ಸಕ್ಕರೆ ಇಳಿಬಿಟ್ಟಳು.

ಅಲ್ಲಿಂದ ಲಿಫ್ಟಪ್ಪನ ಗ್ರಹಗತಿ ತಿರುಗಿತು. ನಲ್ಲಿಯಲ್ಲಿ ನೀರು ನಿಂತಾಗ ಕಾರ್ಯದರ್ಶಿಗಳು ಅವನನ್ನು ನೀರಿನ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ಅವರು ಆಮೇಲೆ ನನ್ನ ಮೇಜಿನ ಮುಂದೆ ಎಷ್ಟು ಸಲ ನಟಿಸಿ ತೋರಿಸಿದರೆಂದರೆ, ನಾನೇ ಹೋಗಿ ಬಂದ ಹಾಗೆ ಆಗಿದೆ. ಅಧಿಕಾರಿಯ ಕೋಣೆಗೆ ಹೊಕ್ಕವನೇ ಲಿಫ್ಟಪ್ಪ ಅಭ್ಯಾಸಬಲದಿಂದ ತಿರುಗಿ ಬಾಗಿಲಿಗೆ ಮುಖ ಮಾಡಿ ನಿಂತನಂತೆ. ಅಧಿಕಾರಿಗೆ ಬೆನ್ನು. ಎರಡು ಕೈ ಹಿಂದೆ ಕಟ್ಟಿ, "ನೋಬಡಿ ಟರ್ನ್ಡ್ ಅಪ್" ಎಂದನಂತೆ.

ಅಧಿಕಾರಿ ಹೌಹಾರಿದ. ತನಗೆ ಬೆನ್ನು ತೋರಿಸಿ ಮಾತಾಡುವವನೆಂದರೆ ಮೇಲಿನ ಅಧಿಕಾರಿಯೇ ಇರಬೇಕು! ಎದ್ದು ನಿಂತು ಕುರ್ಚಿ ಕೊಟ್ಟ. ಲಿಫ್ಟಪ್ಪ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತ. ಪಾಪ, ಅಧಿಕಾರಿಯೇ ಮೇಜು ಸುತ್ತಿ ಬಂದು ಅವನ ಮುಂದೆ ಕೈಕಟ್ಟಿ ನಿಂತ.

"ಸರ್ ಯಾವ ಇಲಾಖೆಯಲ್ಲಿದ್ರಿ?"

"ಮೇಲೆ ಕೆಳಗೆ ಎಲ್ಲಾ ಕಡೆ ಇದ್ದೆ," ಎಂದ ಲಿಫ್ಟಪ್ಪ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಮರುದಿನ ನೀರು ಬಂತು. ಎಷ್ಟು ಬಂತೆಂದರೆ ಮೆಟ್ಟಿಲ ಮೇಲೆಲ್ಲ ಹರಿದು ನನ್ನ ಮೇಜಿನ ಕಾಲು ನೆನೆಯಿತು.

ಆಮೇಲೆ ಯಾರಿಗೆ ಯಾವ ಆಫೀಸಿನಲ್ಲಿ ಕೆಲಸವಿದ್ದರೂ ಲಿಫ್ಟಪ್ಪ ಬೇಕು. ಅರ್ಧ ತೆರೆದ ಬಾಗಿಲು ಈಗ ಪೂರ್ತಿ ತೆರೆಯಿತು. ಕೂರಿಸಲು ಕುರ್ಚಿ ಸಾಲದೆ ನನ್ನ ಸ್ಟೂಲು ಒಯ್ದ. ಪ್ರತಿ ಮನೆಯಿಂದಲೂ ಅವನಿಗೆ ಚಹಾ ಬರುತ್ತಿತ್ತು. ಅವನ ಕಾಲರು ಕೊಳೆಯಾಗತೊಡಗಿತು. ಅದನ್ನು ಉಜ್ಜುವಾಗ ನನಗೆ ಸಂತೋಷವಾಗುತ್ತಿತ್ತು, ಅದು ಜನರ ನಡುವೆ ಓಡಾಡುವವನ ಕಾಲರು.

ಲಿಫ್ಟು ಮಾತ್ರ ಇದ್ದಲ್ಲೇ ಇತ್ತು. ಲಿಫ್ಟಪ್ಪ ಆಗಾಗ ಫೋನು ಮಾಡುತ್ತಿದ್ದ. ಹುಡುಗಿಗೂ ಅವನಿಗೂ ಈಗ ಸಲಿಗೆ ಬೆಳೆದಿತ್ತು. ಪ್ರತಿ ಸಲ ಫೋನಿಟ್ಟಾಗಲೂ ಅವನ ಮುಖ ಊಟ ಮಾಡಿ ಎದ್ದವನ ಮುಖದ ಹಾಗಿರುತ್ತಿತ್ತು.

"ಏನೋ, ನಿನ್ನ ಯಾರೋ ಇನ್ನೂ ಬರ್ಲಿಲ್ಲ?" ಎಂದು ಮೇಲಿನಿಂದ ಅಜ್ಜಿ.

"ಬರ್ತಾರೆ ಅಜ್ಜಿ."

"ಬರ್ತಾರೆ ಬರ್ತಾರೆ ಅಂತ ನನ್ನೇ ಮೇಲಕ್ಕೆ ಕಳಿಸ್ತೀಯ ನೀನು. ಈಗಾಗ್ಲೇ ನಾಲ್ಕು ಮಹಡಿ ಮೇಲಿದ್ದೀನಿ, ಇನ್ನೆಷ್ಟು ದೂರ?"

ಈ ಮಾತು ಹೀಗೇ ನಗೆಯಲ್ಲಿ ಕಳೆಯುತ್ತಿತ್ತೇನೋ. ಆದರೆ ಅಜ್ಜಿಗೆ ಒಬ್ಬಳು ತಂಗಿ ಇದ್ದಳು. ಇರುವುದು ಇದೇ ಊರಿನ ಇನ್ನೊಂದು ತುದಿಯಲ್ಲಿ. ಅವಳ ಮಂಡಿಯೂ ಅಕ್ಕನ ಮಂಡಿಯ ಒಡಹುಟ್ಟು. ಲಿಫ್ಟು ಕೆಟ್ಟ ಮೇಲೆ ಒಂದು ದಿನ ಬಂದು, ಬೀದಿಯಲ್ಲಿ ನಿಂತು, ಕತ್ತೆತ್ತಿ ಅಕ್ಕನ ಹತ್ತಿರ ಮಾತಾಡಿದಳು. ಇಬ್ಬರಿಗೂ ಕಿವಿ ಮಂದ. ಅಕ್ಕನ ಮಲಬದ್ಧತೆ ಇಡೀ ಬೀದಿಗೆ ತಿಳಿಯಿತು. ಬೀದಿಯ ಕೊನೆಯಲ್ಲಿರುವ ಔಷಧಿ ಅಂಗಡಿಯವನು ಅಲ್ಲಿಂದಲೇ ಮಾತ್ರೆಯ ಹೆಸರು ಕೂಗಿ ಹೇಳಿದ. ಆದರೆ ತಂಗಿ ಹೇಳಬೇಕೆಂದು ಬಂದ ಮಾತು ಹಾಗೆ ಕೂಗುವಂಥದ್ದಾಗಿರಲಿಲ್ಲ. ಅದನ್ನು ನನ್ನ ಕಿವಿಯಲ್ಲಿ ಹೇಳಿ ಹೋದಳು.

ಅವಳು ಮಗಳ ಊರಿಗೆ ಹೊರಟಿದ್ದಳು. ರೈಲಿನಲ್ಲಿ ಒಂದಿಡೀ ದಿನದ ದಾರಿ. ಮನೆ ಖಾಲಿ ಮಾಡಿಯಾಗಿತ್ತು. ಭಾನುವಾರ ರೈಲಿಗೆ ಹೋಗುವ ಮುಂಚೆ ಇಲ್ಲಿಗೆ ಬಂದು ಹೋಗುತ್ತೇನೆ, ಅಷ್ಟರಲ್ಲಿ ಲಿಫ್ಟು ಸರಿಯಾದರೆ ಅಕ್ಕನ ಕೈ ಹಿಡಿದು ಒಂದು ಗಳಿಗೆ ಕೂರಬಹುದು ಎಂದಳು. "ಇನ್ನೊಂದ್ಸಲ ಬರೋ ವಯಸ್ಸಾ ನಂದು?" ಎಂದಳು.

ನಾನು ಮೆಟ್ಟಿಲು ಹತ್ತಿ ಹೋಗಿ ಅಜ್ಜಿಗೆ ತಿಳಿಸಿದೆ. ಅವಳು ಬೈಯಲಿಲ್ಲ. ಹೊರಗೆ ಹಾಕುವ ಬಟ್ಟೆಯೊಂದನ್ನು ತೆಗೆದು, "ಇದಕ್ಕೆ ಇಸ್ತ್ರಿ ಮಾಡಿಡು" ಎಂದಳು.

ಲಿಫ್ಟಪ್ಪನಿಗೂ ಹೇಳಿದೆ. ಅವನು ಆವತ್ತು ಮೂರು ಸಲ ಫೋನು ಮಾಡಿದ. ಕೊನೆಗೆ ಮೇಲೆ ನೋಡಿ, "ಅಜ್ಜಿ, ಎವ್ರಿಥಿಂಗ್ ವಿಲ್ ವರ್ಕ್ ಔಟ್!" ಎಂದು ಕೂಗಿದ. ಅಜ್ಜಿಗೆ ಏನು ಅರ್ಥವಾಯಿತೋ. "ಆಗ್ಲಪ್ಪಾ" ಎಂದಳು.

ಶನಿವಾರ ಒಬ್ಬ ಮನುಷ್ಯ ಬಂದೇಬಿಟ್ಟ. ಕೊರಳಿಗೆ ಟೈ, ಕೈಯಲ್ಲಿ ಚೀಲ, ಅಂಗಿಯ ಮೇಲೆ ಕಂಪನಿಯ ಗುರುತು. ಕಟ್ಟಡವೆಲ್ಲ ಕೆಳಗಿಳಿಯಿತು. ಕಾರ್ಯದರ್ಶಿಗಳು ಅವನ ಚೀಲ ಹಿಡಿದುಕೊಂಡರು, ಯಾರೋ ಬೀಸಣಿಗೆ ತಂದರು. ಲಿಫ್ಟಪ್ಪ ಮೀಸೆ ತಿರುವಿದ. ಮೀಸೆ ಇರಲಿಲ್ಲ, ಆದರೂ ತಿರುವಿದ. ಆ ಮನುಷ್ಯ ಲಿಫ್ಟಿನ ಬಾಗಿಲು ಸರಿಸಿ, ಟಾರ್ಚು ಬಿಟ್ಟು ಒಳಗೆ ನೋಡಿದ. ಮೇಲೆ ನೋಡಿದ, ಕೆಳಗೆ ನೋಡಿದ. ಟಾರ್ಚು ಆರಿಸಿ, ಕೈ ಒರೆಸಿಕೊಂಡು, ಚೀಲಕ್ಕೆ ಕೈ ಚಾಚಿದ.

"ರಿಪೇರಿ?" ಎಂದರು ಕಾರ್ಯದರ್ಶಿಗಳು.

"ನಾನು ನೋಡೋನು," ಎಂದ ಅವನು. "ಮಾಡೋರು ಬೇರೆ."

"ಅವರು ಯಾವಾಗ ಬರ್ತಾರೆ?"

ಅವನು ಲಿಫ್ಟಪ್ಪನ ಆಗಷ್ಟೇ ಇಸ್ತ್ರಿಯಾಗಿ ಹೊಳೆಯುವ ಕಾಲರು ನೋಡಿ, ಇವರೇ ಯಜಮಾನರೆಂದು ತಿಳಿದು, ಅವನ ಮುಖಕ್ಕೆ ಮುಖ ಕೊಟ್ಟು ಹೇಳಿದ: "ಸಮ್‌ಬಡಿ ವಿಲ್ ಲುಕ್ ಇಂಟು ಇಟ್, ಸರ್. ಎವ್ರಿಥಿಂಗ್ ವಿಲ್ ವರ್ಕ್ ಔಟ್."

ಲಿಫ್ಟಪ್ಪ ಅವನ ಮುಖವನ್ನೇ ನೋಡಿದ. ಆ ಮಾತನ್ನು ಅವನು ಜೀವಮಾನವಿಡೀ ಬೆನ್ನ ಹಿಂದೆ ಕೇಳಿದ್ದ. ಹೇಳುವವನ ಮುಖ ಹೇಗಿರುತ್ತದೆ ಎಂದು ನೋಡಿದ್ದು ಅವತ್ತೇ. ನಾನೂ ನೋಡಿದೆ. ಕೆಟ್ಟ ಮುಖವೇನಲ್ಲ. ಇಸ್ತ್ರಿ ಮಾಡಿಟ್ಟ ಹಾಗಿತ್ತು, ಒಂದು ಸುಕ್ಕೂ ಇಲ್ಲ.

ಮನುಷ್ಯ ಹೋದ. ಮೇಲಿನಿಂದ ದನಿ ಬಂತು: "ಯಾರೋ ಬಂದ್ರಂತಲ್ಲೋ! ಆಯ್ತೇನೋ?"

ಎಲ್ಲರೂ ಲಿಫ್ಟಪ್ಪನನ್ನು ನೋಡುತ್ತಿದ್ದರು. ಅವನು ಬೀದಿಗೆ ಇಳಿದು, ಕತ್ತೆತ್ತಿ, ಅಜ್ಜಿಯ ಮುಖ ನೋಡಿ ಹೇಳಿದ: "ಇಲ್ಲ ಅಜ್ಜಿ. ಯಾರೂ ಬರಲ್ಲ. ನನಗೆ ಬರೋ ಇಂಗ್ಲಿಷಲ್ಲಿ ಯಾರೂ ಬರಲ್ಲ."

ಜನ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಅವತ್ತು ಸಂಜೆ ಅವನ ಕೋಣೆಗೆ ಚಹಾ ಹೋಗಲಿಲ್ಲ. ಯಾರೂ ಸಿಟ್ಟು ಮಾಡಿಕೊಂಡದ್ದಲ್ಲ. ಒಬ್ಬರು ಕೊಟ್ಟಿರುತ್ತಾರೆ ಎಂದು ಇನ್ನೊಬ್ಬರು ಅಂದುಕೊಂಡರು, ಅಷ್ಟೇ.

ಭಾನುವಾರ ಬೆಳಿಗ್ಗೆ ಕಾರ್ಯದರ್ಶಿಗಳು ಒಂದು ಕುರ್ಚಿ, ನಾಲ್ಕು ಗಟ್ಟಿ ಆಳುಗಳನ್ನು ಒಟ್ಟು ಮಾಡಿ ನಾಲ್ಕನೇ ಮಹಡಿಗೆ ಹೋದರು. ಅಜ್ಜಿ ಬಾಗಿಲಲ್ಲೇ ತಡೆದಳು.

"ನಾಲ್ಕು ಜನ ಹೊರೋಕೆ ನಾನೇನು ಸತ್ತಿದ್ದೀನಾ? ಆ ದಿನ ಬರುತ್ತೆ, ಅವತ್ತು ಬನ್ನಿ. ಈಗ ಇಳೀರಿ ಕೆಳಗೆ."

ಅವರು ಇಳಿದರು. ಆಗ ಲಿಫ್ಟಪ್ಪ ಸ್ಟೂಲು ಕಂಕುಳಲ್ಲಿಟ್ಟುಕೊಂಡು ಹತ್ತಿ ಹೋದ. ಅಜ್ಜಿಗೆ ಬೆನ್ನು ಕೊಟ್ಟು, ಒಂದು ಮೆಟ್ಟಿಲು ಕೆಳಗೆ ನಿಂತ.

"ಭುಜ ಹಿಡ್ಕೊಳ್ಳಿ. ಎಷ್ಟು ಹೊತ್ತಾದ್ರೂ ಆಗ್ಲಿ. ನಾನು ತಿರುಗಿ ನೋಡಲ್ಲ."

"ನೋಡಿದ್ರೆ ನನಗೇನು ನಾಚಿಕೇನಾ?" ಎಂದಳು ಅಜ್ಜಿ. ಆದರೂ ಭುಜ ಹಿಡಿದಳು.

ಒಂದು ಮೆಟ್ಟಿಲು ಇಳಿದರೆ ಒಂದು "ಅಮ್ಮಾ". ತಿರುವು ಬಂದಾಗ ಅವನು ಸ್ಟೂಲಿಡುತ್ತಿದ್ದ, ಅವಳು ಕೂರುತ್ತಿದ್ದಳು, ಎದುರು ಮನೆಯವರು ನೀರು ಕೊಡುತ್ತಿದ್ದರು. "ಮೂರನೇ ಮಹಡಿ" ಎಂದು ಅವನು ಕೂಗಿದ್ದು ನನಗೆ ಕೆಳಗೆ ಕೇಳಿಸಿತು. ಅದೇ ಹೊತ್ತಿಗೆ ತಂಗಿಯ ಬಾಡಿಗೆ ಗಾಡಿ ಬಂದು ನಿಂತಿತು.

"ಎಲ್ಲಿದ್ದಾಳೆ ನಮ್ಮಕ್ಕ?"

"ಬರ್ತಿದ್ದಾಳಮ್ಮ. ಮೂರು."

ಅವಳು ಗಾಡಿಯಲ್ಲೇ ಕೂತು ಕಾದಳು. ಗಾಡಿಯವನು ರೈಲಿಗೆ ಹೊತ್ತಾಯಿತೆಂದು ಹಾರ್ನು ಒತ್ತತೊಡಗಿದ. ಮೇಲೆ "ಎರಡನೇ ಮಹಡಿ" ಎಂದು ಕೇಳಿಸಿತು, ಆಮೇಲೆ ತುಂಬ ಹೊತ್ತು ಏನೂ ಇಲ್ಲ. ತಂಗಿ ಗಾಡಿಯಿಂದ ಕಾಲು ಕೆಳಗಿಟ್ಟಳು.

"ಕೈ ಕೊಡಪ್ಪ. ಅವಳು ಅಷ್ಟು ಇಳಿದಿದ್ದಾಳೆ, ನಾನು ಇಷ್ಟು ಹತ್ತಲಾರೆನಾ?"

ನಾನು ಕೈಯಲ್ಲಿದ್ದುದನ್ನು ಬಿಟ್ಟು ಅವಳಿಗೆ ಕೈ ಕೊಟ್ಟೆ. ಕೈಯಲ್ಲಿದ್ದುದು ಇಸ್ತ್ರಿ ಪೆಟ್ಟಿಗೆ, ಅದು ನಿಂತದ್ದು ಕಾರ್ಯದರ್ಶಿಗಳ ಪ್ಯಾಂಟಿನ ಮೇಲೆ ಎಂಬುದು ಆಮೇಲೆ ವಾಸನೆಯಿಂದ ತಿಳಿಯಿತು.

ಅವಳು ಹತ್ತುತ್ತ, ಇವಳು ಇಳಿಯುತ್ತ, ಇಬ್ಬರೂ ಒಂದನೇ ಮಹಡಿಯಲ್ಲಿ ಎದುರಾದರು. ನಡುವೆ ಲಿಫ್ಟಪ್ಪ ಸಿಕ್ಕಿಕೊಂಡಿದ್ದ. ಅಕ್ಕ ಅವನ ಭುಜ ಬಿಟ್ಟು ತಂಗಿಯ ಭುಜ ಹಿಡಿದಳು. ಹತ್ತಿರ ಇದ್ದದ್ದು ಅವನ ಕೋಣೆ. ಇಬ್ಬರೂ ಒಳಗೆ ಹೋಗಿ ಅವನ ಮಂಚದ ಮೇಲೆ ಕೂತರು.

"ನೀನು ಸ್ವಲ್ಪ ಹೊರಗಿರಪ್ಪ," ಎಂದು ಅಜ್ಜಿ ಅವನಿಗೆ ಹೇಳಿ ಬಾಗಿಲು ಹಾಕಿಸಿದಳು.

ತನ್ನದೇ ಮನೆಯ ಹೊರಗೆ ಅವನು ನಿಂತ, ಪಕ್ಕದಲ್ಲಿ ನಾನು. ಕಿವಿ ಮಂದವಾದವರ ಗುಟ್ಟಿಗೆ ಬಾಗಿಲು ಅಡ್ಡ ಬರುವುದಿಲ್ಲ.

"ಅಲ್ಲಿ ನೀರು ತಣ್ಣಗಿರುತ್ತಂತೆ. ಬಿಸಿ ಮಾಡಿ ಕುಡಿ."

"ಹ್ಞೂಂ."

"ಅಳಿಯನ ಮುಂದೆ ಬಾಯಿ ಮಾಡ್ಬೇಡ. ನನ್ನ ಮುಂದೆ ಮಾಡಿದ ಹಾಗಲ್ಲ."

"ಹ್ಞೂಂ. ನೀನು ಒಬ್ಬಳೇ ಆಗ್ತೀಯಲ್ಲೇ ಅಕ್ಕ."

ಕೆಳಗೆ ಹಾರ್ನು ಬಡಿದುಕೊಳ್ಳುತ್ತಲೇ ಇತ್ತು.

ತಂಗಿ ಹೋದ ಮೇಲೆ ಅಜ್ಜಿ ಬಾಗಿಲಿಗೆ ಬಂದು ಮೇಲಿನ ಮೆಟ್ಟಿಲುಗಳನ್ನು ನೋಡಿದಳು.

"ಇಳಿಯೋದು ಇಳಿದಾಯ್ತು. ಇನ್ನು ಹತ್ತೋ ಮಾತಿಲ್ಲ." ಆಮೇಲೆ ತಿರುಗಿ ಕೋಣೆ ನೋಡಿದಳು. "ಗಾಳಿ ಪರವಾಗಿಲ್ಲ. ಲಿಫ್ಟಪ್ಪ, ನೀನು ಮೇಲೆ ಹೋಗು."

"ನಾನಾ?"

"ಇಲ್ಲಿಂದ ಬೀದಿಗೆ ಒಂದೇ ಮಹಡಿ, ಅಷ್ಟು ಹೇಗೋ ಇಳೀತೀನಿ. ನಿನಗೆ ಮಂಡಿ ಇದೆಯಲ್ಲ. ಅಲ್ಲಿ ಎರಡು ಕೋಣೆ, ಒಂದು ಬಾಲ್ಕನಿ. ಪಾತ್ರೆ ಮುಟ್ಟಬೇಡ, ಅಷ್ಟೇ."

ಕಾರ್ಯದರ್ಶಿಗಳು ಸುಟ್ಟ ಪ್ಯಾಂಟು ಕೈಯಲ್ಲಿ ಹಿಡಿದುಕೊಂಡೇ ಬಂದು, ಹೀಗೆ ಮನೆ ಅದಲುಬದಲು ಮಾಡಿಕೊಳ್ಳಲು ಸಂಘದ ನಿಯಮದಲ್ಲಿ ಅವಕಾಶವಿಲ್ಲ ಎಂದರು.

"ನಿಯಮ ಮೆಟ್ಟಿಲು ಹತ್ತುತ್ತೇನೋ?" ಎಂದಳು ಅಜ್ಜಿ. ಇದನ್ನು ಬರವಣಿಗೆಯಲ್ಲಿ ತಿಳಿಸುತ್ತೇನೆ ಎಂದು ಅವರು ಪ್ಯಾಂಟಿನೊಡನೆ ಮೆಟ್ಟಿಲು ಹತ್ತಿದರು.

ಲಿಫ್ಟು ಇನ್ನೂ ಸರಿಯಾಗಿಲ್ಲ. ನೋಡುವವರು ಮತ್ತೆರಡು ಸಲ ಬಂದು ನೋಡಿ ಹೋದರು. ಫೋನು ಈಗ ಮೂರನೇ ಮಹಡಿಯ ಸೊಸೆ ಮಾಡುತ್ತಾಳೆ. ಲಿಫ್ಟಪ್ಪನನ್ನು ಯಾರೂ ಯಾವ ಆಫೀಸಿಗೂ ಕರೆಯುವುದಿಲ್ಲ, ಅವನ ಕಾಲರು ಮತ್ತೆ ಬೆಳ್ಳಗೆ ಬರುತ್ತಿದೆ. ನಾಲ್ಕು ಮಹಡಿ ಹತ್ತಿ ಅವನ ಬಾಗಿಲು ತಟ್ಟುವವರು ಯಾರಿದ್ದಾರೆ? ಬೆಕ್ಕೂ ಅಲ್ಲಿಗೆ ಹೋಗುವುದಿಲ್ಲ.

ಅಜ್ಜಿ ಸಂಜೆ ಇಳಿದು ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಾಳೆ. ಇಸ್ತ್ರಿಯಾದ ಬಟ್ಟೆಯನ್ನೇ ಹಾಕಿಕೊಂಡಿರುತ್ತಾಳೆ. ಮೊದಲಿನಷ್ಟು ಮಾತಿಲ್ಲ. ಬೀದಿಯ ಒಂದು ಕಡೆಗೇ ನೋಡುತ್ತಾಳೆ, ತಂಗಿಯ ಗಾಡಿ ಹೋದ ಕಡೆಗೆ. ಕೂತವರಿಗೆ ಅಲ್ಲಿ ತಿರುವಿನವರೆಗೆ ಮಾತ್ರ ಕಾಣುತ್ತದೆ. ಬಾಲ್ಕನಿಯಲ್ಲಿ ನಿಂತವನಿಗೆ ತಿರುವಿನ ಆಚೆಗೂ ಕಾಣುತ್ತದೆ.

ಅದಕ್ಕೇ ಒಂದು ಹೊತ್ತಿನಲ್ಲಿ ಅವಳು ಕತ್ತೆತ್ತಿ ಕೂಗುತ್ತಾಳೆ.

"ಏ ಲಿಫ್ಟಪ್ಪ! ಯಾರಾದ್ರೂ ಬರ್ತಿದ್ದಾರೇನೋ?"

ಅವನು ಕೂಡಲೇ ಹೇಳುವುದಿಲ್ಲ. ಕೈ ಹಣೆಗೆ ಹಿಡಿದು, ಬೀದಿಯ ಆ ತುದಿಯಿಂದ ಈ ತುದಿಯವರೆಗೆ, ಒಂದೊಂದು ಗಾಡಿ, ಒಂದೊಂದು ಮನುಷ್ಯ, ಬಿಡದೆ ನೋಡುತ್ತಾನೆ. ಆಮೇಲೆ ಬಗ್ಗಿ, ಅವಳ ಮುಖ ನೋಡಿ ಹೇಳುತ್ತಾನೆ.

"ಯಾರೂ ಇಲ್ಲ ಅಜ್ಜಿ."

"ಸರಿ. ಹಾಗಾದ್ರೆ ನೀನೇ ಬಾ."

ಅವನು ಇಳಿದು ಬರುವಷ್ಟರಲ್ಲಿ ನನ್ನದು ಒಂದು ಪ್ಯಾಂಟು ಮುಗಿದಿರುತ್ತದೆ.